ಮಳೆಗಾಲದ ಟ್ರೆಕ್ಕಿಂಗ್ ಪಟ್ಟಿಯಿಂದ ಬಂಡೆ ಬೆಟ್ಟಗಳನ್ನ ದಯವಿಟ್ಟು ಕೈಬಿಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಪ್ರತಿ ವರ್ಷ ಜೂನ್ ಬಂತು ಅಂದ್ರೆ ಸಾಕು, ಪೇಪರುಗಳ ವಾರದ ಪುರವಣಿಯಲ್ಲಿ "ಮಳೆಗಾಲದ ಟ್ರೆಕ್ಕಿಂಗ್ ತಾಣಗಳು" ಅಂತ ಒಂದು ಪಟ್ಟಿ ಬಂದೇ ಬರುತ್ತೆ. ಅದರಲ್ಲಿ ಕುದುರೆಮುಖ, ಕೊಡಚಾದ್ರಿ, ಕುಮಾರ ಪರ್ವತದ ಜೊತೆಗೇ ಸಾವನದುರ್ಗ, ಮಧುಗಿರಿ, ಶಿವಗಂಗೆ, ಸ್ಕಂದಗಿರಿ, ರಾಮನಗರದ ಬೆಟ್ಟಗಳು ಎಲ್ಲಾ ಒಂದೇ ಸಾಲಲ್ಲಿ ಇರ್ತವೆ, ಕೆಳಗೆ "ಬೆಂಗಳೂರಿಂದ ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರಬಹುದು" ಅಂತ ಇರುತ್ತೆ. ನಿಮ್ಮ ಪತ್ರಿಕೆಯಲ್ಲೂ ಇಂಥ ಪಟ್ಟಿ ನೋಡಿದೀನಿ. ಬರೆಯೋರ ಉದ್ದೇಶ ಒಳ್ಳೇದೇ ಇರುತ್ತೆ, ಜನ ಮನೆ ಬಿಟ್ಟು ಆಚೆ ಬರಲಿ ಅಂತಾನೇ ಬರೀತಾರೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದ್ರೆ ಮಲೆನಾಡಿನ ಬೆಟ್ಟಕ್ಕೂ ನಮ್ಮ ಬಯಲುಸೀಮೆಯ ಗ್ರಾನೈಟ್ ಬೆಟ್ಟಕ್ಕೂ ಅಜಗಜಾಂತರ ಇದೆ, ಎರಡನ್ನೂ ಒಂದೇ ಕಾಲದಲ್ಲಿ ಹತ್ತಿ ಅಂತ ಹೇಳೋದು ತಪ್ಪು, ಅಪಾಯ ಕೂಡ. ವರ್ಷಗಟ್ಟಲೆ ಈ ಬಂಡೆ ಬೆಟ್ಟಗಳನ್ನ ಹತ್ತಿ ಇಳಿದವನಾಗಿ ಇದನ್ನ ಸ್ವಲ್ಪ ವಿವರವಾಗಿ ಬರೀಬೇಕು ಅನ್ನಿಸ್ತು.

ಮಲೆನಾಡಲ್ಲಿ ದಾರಿ ಮಣ್ಣಿಂದು. ಮಳೆ ಬಂದ್ರೆ ಕೆಸರಾಗುತ್ತೆ, ಜಿಗಣೆ ಹತ್ತುತ್ತೆ, ಜಾರಿ ಬಿದ್ರೆ ಬಟ್ಟೆ ಕೊಳೆಯಾಗುತ್ತೆ, ಹಿಡ್ಕೊಳೋಕೆ ಒಂದು ಗಿಡವೋ ಬೇರೋ ಸಿಗುತ್ತೆ. ಅಲ್ಲಿ ಅಪಾಯ ಇಲ್ಲ ಅಂತ ಅಲ್ಲ, ಹೊಳೆ ಹಳ್ಳ ತುಂಬಿದಾಗ ಅಲ್ಲೂ ಅಪಾಯಾನೇ. ಆದ್ರೆ ಸಾವನದುರ್ಗದ ಕರಿಗುಡ್ಡದಲ್ಲಿ ನೀವು ನಡೆಯೋದು ಬರೀ ಬಂಡೆ ಮೇಲೆ. ಒಂದೇ ಕಲ್ಲು, ಅದೂ ಸಮುದ್ರ ಮಟ್ಟದಿಂದ 1226 ಮೀಟರ್ ಎತ್ತರದ ತುದಿವರೆಗೂ ಹಾಸಿಕೊಂಡಿರೋ ಏಕಶಿಲೆ, ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು ಅಂತ ಹೆಸರಾದದ್ದು. ಅಲ್ಲಿ ಹಿಡ್ಕೊಳೋಕೆ ಏನೂ ಇಲ್ಲ. ನಿಮ್ಮನ್ನ ಅಲ್ಲಿ ನಿಲ್ಲಿಸಿರೋದು ನಿಮ್ಮ ಶೂ ರಬ್ಬರಿಗೂ ಕಲ್ಲಿಗೂ ನಡುವೆ ಇರೋ ಹಿಡಿತ ಅಷ್ಟೇ, ಅದು ಹೋಯ್ತು ಅಂದ್ರೆ ಎಲ್ಲಾ ಹೋಯ್ತು.

ಈ ಕಲ್ಲಿನ ಬಗ್ಗೆ ಒಂದೆರಡು ಮಾತು ಹೇಳಬೇಕು, ಯಾಕಂದ್ರೆ ಇದು ನಮ್ಮದೇ ನಾಡಿನ ದೊಡ್ಡ ಆಸ್ತಿ, ಶಾಲೆ ಪುಸ್ತಕದಲ್ಲಿ ಒಂದು ಸಾಲು ಓದಿ ಮರೆತುಬಿಟ್ಟಿದೀವಿ. ಕನಕಪುರ ರಾಮನಗರ ಕಡೆಯಿಂದ ಮಾಗಡಿ, ತುಮಕೂರು, ಮಧುಗಿರಿ ದಾಟಿ ಉತ್ತರಕ್ಕೆ ಹಂಪಿ ಸೀಮೆವರೆಗೂ ಸುಮಾರು 400 ಕಿಲೋಮೀಟರ್ ಉದ್ದಕ್ಕೆ, ಅಗಲ ಮಾತ್ರ ಇಪ್ಪತ್ತು ಕಿಲೋಮೀಟರ್ ಆಸುಪಾಸು, ಒಂದು ಪಟ್ಟಿ ಥರ ಈ ಗ್ರಾನೈಟ್ ಹರಡಿದೆ. ಭೂವಿಜ್ಞಾನಿಗಳು ಇದನ್ನ ಕ್ಲೋಸ್‌ಪೇಟ್ ಗ್ರಾನೈಟ್ ಅಂತಾರೆ, ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕೆ ಕ್ಲೋಸ್‌ಪೇಟೆ ಅಂತ ಹೆಸರಿತ್ತು, ಮೈಸೂರಿನ ರೆಸಿಡೆಂಟ್, ಅಂದ್ರೆ ಅಲ್ಲಿ ಬ್ರಿಟಿಷರ ಪ್ರತಿನಿಧಿ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಲ್ಲಿ. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಾಳದಲ್ಲಿ ಕರಗಿದ್ದ ಶಿಲೆ ನಿಧಾನವಾಗಿ ತಣ್ಣಗಾಗಿ ಗಟ್ಟಿಯಾಗಿದ್ದು, ಮೇಲಿದ್ದ ಪದರ ಎಲ್ಲಾ ಸವೆದು ಹೋದಮೇಲೆ ಆಚೆ ಕಾಣಿಸಿಕೊಂಡಿದ್ದು. ರಾಮನಗರದ ಯಾವುದಾದ್ರೂ ಬಂಡೆ ಹತ್ರ ಮಂಡಿಯೂರಿ ಕೂತು ನೋಡಿ, ಬೆರಳಿನ ಗಾತ್ರದ ಗುಲಾಬಿ ಬಣ್ಣದ ಹರಳುಗಳು ಕಲ್ಲಲ್ಲಿ ಕೂತಿರ್ತವೆ, ಅದು ಫೆಲ್ಡ್‌ಸ್ಪಾರ್, ಅದರ ಸುತ್ತ ಗಾಜಿನ ಹಾಗೆ ಹೊಳೆಯೋದು ಕ್ವಾರ್ಟ್ಜ್, ಕಪ್ಪಗೆ ಚೂರುಚೂರು ಮಿನುಗೋದು ಅಭ್ರಕ. ಬಿಸಿಲು ಓರೆಯಾಗಿ ಬಿದ್ದಾಗ ಆ ಗುಲಾಬಿ ಹರಳುಗಳ ಅಂಚು ಒಂದೊಂದೇ ಬೆಳಗುತ್ತೆ, ನಾನಂತೂ ಎಷ್ಟೋ ಸಲ ಬೆಟ್ಟ ಹತ್ತೋದು ಬಿಟ್ಟು ಅದನ್ನೇ ನೋಡ್ತಾ ಕೂತಿದೀನಿ.

ಒಣಗಿದ್ದಾಗ ಕಾಲಿಗೆ ಹಿಡಿತ ಕೊಡೋದು ಈ ದಪ್ಪ ಹರಳುಗಳೇ. ಕಲ್ಲು ಒರಟಾಗಿರೋದ್ರಿಂದ ಕಡಿದಾದ ಇಳಿಜಾರಲ್ಲೂ ಪಾದ ಪೂರ್ತಿ ಊರಿ ಆರಾಮಾಗಿ ನಡ್ಕೊಂಡು ಹೋಗಬಹುದು. ಮಳೆ ಬಿದ್ದಾಗ ಕಥೆಯೇ ಬೇರೆ. ಗ್ರಾನೈಟ್ ನೀರು ಕುಡಿಯಲ್ಲ, ಬಿದ್ದ ಮಳೆ ಪೂರ್ತಿ ಮೇಲಿಂದಾನೇ ಹರಿದು ಬರಬೇಕು, ಹತ್ತು ನಿಮಿಷ ಜೋರು ಮಳೆ ಬಂದ್ರೆ ಇಡೀ ಹಾಸುಬಂಡೆ ಮೇಲೆ ನೀರಿನ ಹಾಳೆ ಇಳಿಯುತ್ತೆ. ಅದಕ್ಕಿಂತ ಮುಖ್ಯವಾಗಿ, ಈ ಬೆಟ್ಟಗಳ ಮೈಮೇಲೆ ಕಪ್ಪು ಪಟ್ಟೆಗಳು ಕಾಣ್ತವಲ್ಲ, ಮೇಲಿಂದ ಕೆಳಗೆ ಮಸಿ ಸುರಿದ ಹಾಗೆ, ಅದು ಕಲ್ಲಿನ ಬಣ್ಣ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಅಲ್ಲ. ನೀರು ಹರಿಯೋ ಜಾಡಲ್ಲಿ ಬೆಳೆಯೋ ಸಯನೋಬ್ಯಾಕ್ಟೀರಿಯಾ ಅನ್ನೋ ಸೂಕ್ಷ್ಮಜೀವಿ, ಪಾಚಿ, ಕಲ್ಲುಹೂವು ಅದು, ಜೀವ ಇರೋದು. ಬಿಸಿಲಲ್ಲಿ ಒಣಗಿ ಚಕ್ಕೆ ಥರ ಗಟ್ಟಿಯಾಗಿರುತ್ತೆ, ಕಾಲಿಟ್ರೂ ಏನೂ ಆಗಲ್ಲ, ನೀರು ಸೋಕಿದ ಕೂಡಲೇ ಹೀರ್ಕೊಂಡು ಉಬ್ಬಿ ಲೋಳೆಯಾಗುತ್ತೆ. ಆ ಕಪ್ಪು ಪಟ್ಟೆ ಮೇಲೆ ಒದ್ದೆಯಲ್ಲಿ ಯಾವ ದುಬಾರಿ ಶೂ ಕೂಡ ನಿಲ್ಲಲ್ಲ, ಇದನ್ನ ಅಂಗಡಿಯವರು ಹೇಳಲ್ಲ, ನಾನು ಹೇಳ್ತೀನಿ. ಮಳೆ ನಿಂತು ಬಿಸಿಲು ಬಂದ್ರೂ ನೆರಳಿನ ಕಡೆ ಇರೋ ಪಟ್ಟೆ ಗಂಟೆಗಟ್ಟಲೆ ಹಸಿಯಾಗೇ ಇರುತ್ತೆ, ದೂರದಿಂದ ನೋಡಿದ್ರೆ ಒಣಗಿದ ಹಾಗೇ ಕಾಣುತ್ತೆ.

ಇನ್ನೊಂದು ವಿಷಯ ಈ ಬೆಟ್ಟಗಳ ಆಕಾರದ್ದು. ಗ್ರಾನೈಟ್ ಈರುಳ್ಳಿ ಸಿಪ್ಪೆ ಬಿಟ್ಟ ಹಾಗೆ ಪದರ ಪದರವಾಗಿ ಕಳಚಿಕೊಳ್ಳುತ್ತೆ, ಅದಕ್ಕೇ ಬೆಟ್ಟ ಗುಮ್ಮಟದ ಥರ ಉಬ್ಬಿಕೊಂಡು ದುಂಡಗಾಗಿರೋದು. ಹತ್ತುವಾಗ ಇದು ಅನುಕೂಲ, ಮೇಲೆ ಹೋದಷ್ಟೂ ಇಳಿಜಾರು ಕಮ್ಮಿಯಾಗ್ತಾ ಬರುತ್ತೆ. ಇಳಿಯುವಾಗ ಪೂರಾ ಉಲ್ಟಾ. ತುದಿಯಲ್ಲಿ ಸಪಾಟಾಗಿ ಶುರುವಾಗಿದ್ದು ಕೆಳಗೆ ಇಳಿದಷ್ಟೂ ಕಡಿದಾಗ್ತಾ ಹೋಗುತ್ತೆ, ಮುಂದೆ ಏನಿದೆ ಅಂತ ಉಬ್ಬು ಅಡ್ಡ ಬಂದು ಕಾಣಲ್ಲ, ಇನ್ನೊಂದು ನಾಲ್ಕು ಹೆಜ್ಜೆ ಅಷ್ಟೇ ಅಂತ ಇಳೀತಾ ಇಳೀತಾ ಹಿಂದೆ ಹೋಗೋಕೂ ಆಗದ ಮುಂದೆ ಹೋಗೋಕೂ ಆಗದ ಜಾಗದಲ್ಲಿ ನಿಂತುಬಿಡ್ತಾರೆ. ಶಾರ್ಟ್‌ಕಟ್ ಹುಡುಕಿಕೊಂಡು ದಾರಿ ಬಿಟ್ಟು ಇಳಿದೋರು ಸಿಕ್ಕಿಹಾಕಿಕೊಳ್ಳೋದು ಹೀಗೇನೇ. 2022ರ ಫೆಬ್ರವರಿಯಲ್ಲಿ ನಂದಿಬೆಟ್ಟದ ಪಕ್ಕದ ಬ್ರಹ್ಮಗಿರಿ ಬಂಡೆಗಳಲ್ಲಿ ಒಬ್ಬ ವಿದ್ಯಾರ್ಥಿ ಸುಮಾರು 300 ಅಡಿ ಜಾರಿ ಬಿದ್ದು ಸಿಕ್ಕಿಹಾಕಿಕೊಂಡಾಗ ವಾಯುಪಡೆ ಹೆಲಿಕಾಪ್ಟರ್ ಬಂದು ಎತ್ತಬೇಕಾಯ್ತು, ನಿಮ್ಮ ಓದುಗರಿಗೂ ನೆನಪಿರಬಹುದು. ಗಮನಿಸಿ, ಅದು ಫೆಬ್ರವರಿ, ಒಣ ಕಾಲ. ಅಂಥ ಕಾಲದಲ್ಲೇ ಹೀಗಾದ್ರೆ ಕಲ್ಲು ಒದ್ದೆ ಇರೋವಾಗ ನೂರಾರು ಹೊಸಬರನ್ನ ಪಟ್ಟಿ ಕೊಟ್ಟು ಕಳಿಸೋದು ಎಷ್ಟು ಸರಿ?

ಕಾಲದ ಲೆಕ್ಕಾಚಾರದಲ್ಲೂ ಒಂದು ತಪ್ಪು ತಿಳುವಳಿಕೆ ಇದೆ. ಜೂನ್ ಜುಲೈ ಮುಗೀತು, ಇನ್ನೇನು ಮಳೆ ಹೋಯ್ತು ಅಂತ ಸೆಪ್ಟೆಂಬರಲ್ಲಿ ಗುಂಪು ಗುಂಪಾಗಿ ಹೊರಡ್ತಾರೆ. ಕರಾವಳಿ ಮಲೆನಾಡಿಗೆ ಆ ಲೆಕ್ಕ ಸರಿ. ಬೆಂಗಳೂರು, ರಾಮನಗರ, ತುಮಕೂರು, ಕೋಲಾರದ ಕಡೆ ಮಳೆ ಜೋರಾಗೋದೇ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ, ಅದೂ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಜೊತೆ. ಏಪ್ರಿಲ್ ಮೇ ತಿಂಗಳಲ್ಲೂ ಹಾಗೇ, ಬೆಳಗ್ಗೆ ನೀಲಿ ಆಕಾಶ, ಮೂರು ಗಂಟೆಗೆ ಮೋಡ ಕಟ್ಟಿ ಹೊಡೆಯುತ್ತೆ. ಬೋಳು ಬಂಡೆಯ ತುದಿಯಲ್ಲಿ ಆ ಹೊತ್ತಿಗೆ ಎತ್ತರದ ವಸ್ತು ಅಂದ್ರೆ ನೀವೇ. ಡಿಸೆಂಬರ್ ಜನವರಿಯಲ್ಲಿ ಮಳೆ ಇಲ್ಲ, ಆದ್ರೆ ಇಬ್ಬನಿ ಇರುತ್ತೆ. ಸೂರ್ಯೋದಯದ ಫೋಟೋಗೆ ಅಂತ ಕತ್ತಲಲ್ಲೇ ಹತ್ತೋರು ಹಸಿ ಬಂಡೆ ಮೇಲೆ ಮೊಬೈಲ್ ಟಾರ್ಚ್ ಹಿಡ್ಕೊಂಡು ನಡೀತಿರ್ತಾರೆ, ಒಂದು ಕೈ ಅದಕ್ಕೇ ಹೋಯ್ತು.

ಮಾಗಡಿ ಕಡೆ ಒಂದು ಬೆಳಗ್ಗೆ ಬೆಟ್ಟದ ಬುಡದಲ್ಲಿ ಮೇಕೆ ಬಿಟ್ಕೊಂಡು ಕೂತಿದ್ದ ಅಜ್ಜಿ ಒಬ್ಬರು ನಮ್ಮ ಗುಂಪನ್ನ ನೋಡಿ "ಕಲ್ಲು ಇನ್ನೂ ಹಸಿ ಐತೆ ಕಣಪ್ಪ, ಬಿಸ್ಲು ಬೀಳ್ಲಿ, ಒಣಗಿದ್ಮೇಲೆ ಹತ್ತೀರಂತೆ, ಬೆಟ್ಟ ಎಲ್ಲೂ ಓಗಕ್ಕಿಲ್ಲ" ಅಂದ್ರು. ಕೂತ್ವಿ. ಅವರು ಕೈತೋರಿಸಿ ಯಾವ ಪಟ್ಟೆ ಮೊದಲು ಒಣಗುತ್ತೆ, ಯಾವುದು ಮಧ್ಯಾಹ್ನದವರೆಗೂ ಒಣಗಲ್ಲ, ಮಳೆ ಬಂದಾಗ ಮೇಕೆಗಳು ಯಾವ ಕಡೆಯಿಂದ ಇಳೀತವೆ ಅಂತ ಎಲ್ಲಾ ಹೇಳಿದ್ರು. ಆ ಬೆಟ್ಟದ ಬಗ್ಗೆ ಅಷ್ಟು ಕರಾರುವಾಕ್ಕಾದ ಮಾಹಿತಿ ನಾನು ಯಾವ ಆ್ಯಪಲ್ಲೂ ನೋಡಿಲ್ಲ. ನಮ್ಮ ಪಟ್ಟಿಗಳಿಗೆ ಬೇಕಾಗಿರೋದು ಇಂಥವರ ಮಾತು.

ಬಂಡೆ ಮೇಲೆ ನಡೆಯೋ ರೀತಿಯೂ ಬೇರೆ. ಹೊಸಬರು ಹೆದರಿಕೆಯಿಂದ ಇಳಿಜಾರಿಗೆ ಬಗ್ಗಿ ಕೈ ಊರಿಬಿಡ್ತಾರೆ, ಭಾರ ಕಾಲಿಂದ ತಪ್ಪಿ ಕಾಲು ಜಾರುತ್ತೆ. ನೆಟ್ಟಗೆ ನಿಂತು, ಮೈ ಭಾರ ಪೂರ್ತಿ ಪಾದದ ಮೇಲೆ ಬಿಟ್ಟು, ಸಣ್ಣ ಸಣ್ಣ ಹೆಜ್ಜೆ ಇಟ್ರೆ ಹಿಡಿತ ಜಾಸ್ತಿ. ಇಳಿಯುವಾಗ ಮಂಡಿ ಸ್ವಲ್ಪ ಬಗ್ಗಿಸಿ. ಬಂಡೆ ಮೇಲೆ ಉದುರಿರೋ ಮರಳಿನಂಥ ಪುಡಿಗಲ್ಲು ಕಂಡ್ರೆ ಸುತ್ತಿ ಹೋಗಿ, ಒಣ ಕಾಲದಲ್ಲಿ ಜಾಸ್ತಿ ಜನರನ್ನ ಕೆಡವೋದು ಅದೇ. ತಟ್ಟಿದ್ರೆ ಟೊಳ್ಳು ಸದ್ದು ಬರೋ ಚಪ್ಪಡಿ ಮೇಲೆ ನಿಲ್ಲಬೇಡಿ, ಅದು ಕಳಚೋಕೆ ರೆಡಿಯಾಗಿರೋ ಪದರ. ಮುಂದಿನ ಹೆಜ್ಜೆ ಎಲ್ಲಿ ಇಡಬೇಕು ಅಂತ ಕಾಣ್ತಿಲ್ಲ ಅಂದ್ರೆ ವಾಪಸ್ ಮೇಲಕ್ಕೆ ಹತ್ತಿ, ಬಂದ ದಾರಿಯಲ್ಲೇ ಇಳೀರಿ. ನೀರು ಒಬ್ಬೊಬ್ಬರಿಗೆ ಕನಿಷ್ಠ ಎರಡು ಲೀಟರ್ ಇರಲಿ, ನೆರಳಿಲ್ಲದ ಕಲ್ಲು ಹತ್ತು ಗಂಟೆಗೇ ಕಾಯೋಕೆ ಶುರುವಾಗುತ್ತೆ.

ಹೆಜ್ಜೇನಿನ ಬಗ್ಗೆ ಹೇಳದೇ ಇರೋಕಾಗಲ್ಲ. ಬಂಡೆಯ ಚಾಚಿನ ಕೆಳಗೆ ದೊಡ್ಡ ದೊಡ್ಡ ಹುಟ್ಟುಗಳು ನೇತಾಡ್ತಿರ್ತವೆ. ಅದರ ಹತ್ರ ಹೊಗೆ ಹಾಕೋದು, ಕಲ್ಲು ಎಸೆಯೋದು, ಜೋರು ಸೆಂಟು ಹಾಕ್ಕೊಂಡು ಹೋಗೋದು, ಡ್ರೋನ್ ಹಾರಿಸೋದು ಬೇಡವೇ ಬೇಡ. ಎದ್ದು ಬಂದ್ರೆ ಮುಖಕ್ಕೆ ಬಟ್ಟೆ ಮುಚ್ಕೊಂಡು ದೂರ ಓಡಬೇಕು, ಆದ್ರೆ ಇಳಿಜಾರು ಬಂಡೆ ಮೇಲೆ ಎಲ್ಲಿಗೆ ಅಂತ ಓಡ್ತೀರಿ, ಹಾಗಾಗಿ ಎಬ್ಬಿಸದೇ ಇರೋದೇ ದಾರಿ.

ಇನ್ನು ಮಳೆಗಾಲದಲ್ಲಿ ಬೇಡ ಅನ್ನೋದಕ್ಕೆ ಜನರ ಪ್ರಾಣ ಒಂದೇ ಕಾರಣ ಅಲ್ಲ. ಈ ಬೆಟ್ಟಗಳು ಬೋಳು ಅಂತ ನಾವು ಹೇಳ್ತೀವಿ, ಮಳೆ ಬಂದಾಗ ನೋಡಬೇಕು. ಬಂಡೆಯ ತಗ್ಗುಗಳಲ್ಲಿ ಒಂದೆರಡು ಇಂಚು ಮಣ್ಣು ಕೂತಿರುತ್ತೆ, ಎಷ್ಟೋ ಕಾಲದಿಂದ ಕಲ್ಲು ಪುಡಿಯಾಗಿ ಕೂಡಿದ್ದು, ಅದರಲ್ಲಿ ಹುಲ್ಲು, ಪಾಚಿ, ಗುಂಡುಸೂಜಿ ತಲೆಯಷ್ಟು ಹೂವು ಎಲ್ಲಾ ಆ ನಾಲ್ಕು ತಿಂಗಳಲ್ಲೇ ಬೆಳೆದು ಬೀಜ ಕಟ್ಟಿ ಮುಗಿಸಬೇಕು. ಹಸಿ ಇರೋವಾಗ ಒಂದು ಬೂಟುಗಾಲು ಇಟ್ರೆ ಆ ಮಣ್ಣಿನ ಚಾಪೆ ಕಿತ್ತುಕೊಂಡು ಬರುತ್ತೆ, ಮತ್ತೆ ಕೂಡೋಕೆ ನಮ್ಮ ಆಯಸ್ಸು ಸಾಲಲ್ಲ. ದೊಣೆಗಳೂ ಅಷ್ಟೇ. ಬೆಟ್ಟದ ನೆತ್ತಿಯಲ್ಲಿ ಮಳೆನೀರು ನಿಲ್ಲೋ ಕಲ್ಲಿನ ಗುಂಡಿಗಳು. ಒಂದು ದೊಣೆ ಪಕ್ಕ ಸುಮ್ಮನೆ ಹತ್ತು ನಿಮಿಷ ಕೂತ್ರೆ ಗೊದಮೊಟ್ಟೆ ತಳದಲ್ಲಿ ಓಡಾಡೋದು, ನೀರಿನ ಮೇಲೆ ಹುಳ ಜಾರೋದು, ಏರೋಪ್ಲೇನ್ ಚಿಟ್ಟೆ ಬಾಲ ಅದ್ದಿ ಮೊಟ್ಟೆ ಇಡೋದು ಎಲ್ಲಾ ಕಾಣುತ್ತೆ. ಬೇಸಿಗೆಯಲ್ಲಿ ಹಕ್ಕಿ, ಮಂಗ, ಕರಡಿ, ಚಿರತೆಗೆ ಬೆಟ್ಟದ ಮೇಲೆ ಇರೋ ನೀರು ಅದೊಂದೇ. ಅದರಲ್ಲಿ ಕಾಲು ತೊಳೆಯೋದು, ತಟ್ಟೆ ತೊಳೆಯೋದು, ಸೋಪು ಹಾಕೋದು, ಬಾಟಲಿ ಎಸೆಯೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಹರಿಯೋ ನೀರಲ್ಲ ಅದು, ಒಂದ್ಸಲ ಕೆಟ್ರೆ ಮುಂದಿನ ಮಳೆವರೆಗೂ ಕೆಟ್ಟೇ ಇರುತ್ತೆ.

ರಾಮದೇವರ ಬೆಟ್ಟದ ವಿಷಯ ಇನ್ನೂ ಸೂಕ್ಷ್ಮ. ಅದು 2012ರಲ್ಲಿ ರಣಹದ್ದು ಧಾಮ ಅಂತ ಘೋಷಣೆಯಾದ ಜಾಗ. ದನಕ್ಕೆ ಕೊಡ್ತಿದ್ದ ಡೈಕ್ಲೋಫೆನಾಕ್ ನೋವಿನ ಔಷಧಿ, ಸತ್ತ ದನದ ಮಾಂಸದ ಮೂಲಕ ಹೊಟ್ಟೆಗೆ ಸೇರಿ ಕಿಡ್ನಿ ಕೆಟ್ಟು ದೇಶದ ರಣಹದ್ದುಗಳು ಮುಕ್ಕಾಲು ಮೂರುವೀಸ ನಾಶವಾದವು, 2006ರಲ್ಲಿ ಪಶು ಚಿಕಿತ್ಸೆಗೆ ಆ ಔಷಧಿ ನಿಷೇಧ ಆಯ್ತು. ಉಳಿದ ಬೆರಳೆಣಿಕೆ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟೋಕೆ ನಂಬಿಕೊಂಡಿರೋದು ಇಂಥ ಕಡಿದಾದ ಬಂಡೆಯ ಅಂಚುಗಳನ್ನೇ, ವರ್ಷಕ್ಕೆ ಒಂದೇ ಮೊಟ್ಟೆ ಇಡೋ ಹಕ್ಕಿ ಅದು. ಗೂಡಿನ ಕಾಲ ಚಳಿಗಾಲ, ಅಂದ್ರೆ ನಾನು ಹತ್ತೋಕೆ ಒಳ್ಳೇದು ಅಂತಿರೋ ತಿಂಗಳುಗಳೇ. ಹಾಗಾಗಿ ಇದೊಂದು ಬೆಟ್ಟವನ್ನ ಯಾವ ಕಾಲದ ಸಾಹಸದ ಪಟ್ಟಿಗೂ ಹಾಕಬೇಡಿ ಅಂತಾನೇ ಕೇಳ್ಕೊಳ್ತೀನಿ. ದೇವಸ್ಥಾನಕ್ಕೆ ಮೆಟ್ಟಿಲಿದೆ, ಮೆಟ್ಟಿಲಲ್ಲೇ ಹೋಗಿ ಸದ್ದು ಮಾಡದೆ ಬರಲಿ. ಬಂಡೆ ಹತ್ತೋ ಆಸೆ ಇರೋರಿಗೆ ಬೇರೆ ಬೆಟ್ಟಗಳು ಬೇಕಾದಷ್ಟಿವೆ.

ಅರಣ್ಯ ಇಲಾಖೆಗೂ ನಿಮ್ಮ ಪತ್ರಿಕೆ ಮೂಲಕ ಒಂದು ಮಾತು ತಲುಪಿಸಬೇಕು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಾತ್ರೆ ಆದಮೇಲೆ ಆನ್‌ಲೈನ್ ಬುಕಿಂಗ್ ಬಂತು, ಒಂದು ದಾರಿಗೆ ದಿನಕ್ಕೆ 300 ಜನ ಅನ್ನೋ ಮಿತಿ ಬಂತು. ಒಳ್ಳೆ ಕೆಲಸ, ಮನಸಾರೆ ಒಪ್ತೀನಿ. ಆದ್ರೆ ಮಣ್ಣಿನ ದಾರಿಗೆ ಜನಸಂಖ್ಯೆ ಮುಖ್ಯ, ಬಂಡೆ ದಾರಿಗೆ ಕಲ್ಲು ಒಣಗಿದ್ಯಾ ಇಲ್ವಾ ಅನ್ನೋದು ಮುಖ್ಯ. ಒದ್ದೆ ಬಂಡೆ ಮೇಲೆ ಮೂರೇ ಜನ ಹೋದ್ರೂ ಮೂವರಿಗೂ ಅಪಾಯ. ದುಡ್ಡು ಕಟ್ಟಿ, ನಾಲ್ಕು ಗಂಟೆಗೆ ಎದ್ದು, ಗಾಡಿ ಮಾಡ್ಕೊಂಡು ಬಂದೋರು ಬುಡದಲ್ಲಿ ಕಲ್ಲು ಹಸಿ ಇದೆ ಅಂತ ವಾಪಸ್ ಹೋಗಲ್ಲ, ಹತ್ತೇ ಹತ್ತುತಾರೆ, ಅದು ಮನುಷ್ಯ ಸ್ವಭಾವ. ಅದಕ್ಕೇ ಗ್ರಾನೈಟ್ ಬೆಟ್ಟಗಳಿಗೆ ಬೇರೆಯದೇ ನಿಯಮ ಬೇಕು: ಅಲ್ಲಿನ ವಾಚರ್ ಬೆಳಗ್ಗೆ ಕಲ್ಲು ನೋಡಿ ಇವತ್ತು ಬೇಡ ಅಂದ್ರೆ ಬೇಡ, ಬುಕ್ ಮಾಡಿದೋರಿಗೆ ಕೂಡಲೇ ಮೆಸೇಜ್ ಹೋಗಬೇಕು, ದುಡ್ಡು ವಾಪಸ್ ಕೊಡಬೇಕು ಇಲ್ಲಾ ಬೇರೆ ದಿನಕ್ಕೆ ಬದಲಾಯಿಸಿಕೊಡಬೇಕು. ದುಡ್ಡು ಹೋಗಲ್ಲ ಅಂತ ಗೊತ್ತಾದ್ರೆ ಜನ ಮಾತು ಕೇಳ್ತಾರೆ. ಆ ವಾಚರ್ ಕೆಲಸಕ್ಕೆ ಬೆಟ್ಟದ ಬುಡದ ಊರಿನವರನ್ನೇ ತಗೊಳ್ಳಲಿ, ನಾನು ಮೇಲೆ ಹೇಳಿದ ಅಜ್ಜಿಯಂಥವರ ಮನೆಯ ಹುಡುಗರನ್ನ, ಅವರಿಗಿಂತ ಚೆನ್ನಾಗಿ ಆ ಕಲ್ಲನ್ನ ಓದೋರು ಯಾರೂ ಇಲ್ಲ. ಬುಡದಲ್ಲಿ ಒಂದು ಬೋರ್ಡು, ದೊಡ್ಡ ಕನ್ನಡ ಅಕ್ಷರದಲ್ಲಿ, ಕಪ್ಪು ಪಟ್ಟೆ ಒದ್ದೆ ಇದ್ರೆ ಕಾಲಿಡಬೇಡಿ, ಬಂದ ದಾರಿಯಲ್ಲೇ ಇಳೀರಿ, ತುರ್ತಿಗೆ 112, ಇಷ್ಟಿದ್ರೆ ಸಾಕು. ದಾರಿಯ ಬಾಣದ ಗುರುತು ಮಾಸಿದ ಕಡೆ ಮತ್ತೆ ಬರೆಸಲಿ, ಆದ್ರೆ ಬಂಡೆ ತುಂಬಾ ಬಣ್ಣ ಬಳಿಯೋದು, ಹೆಸರು ಕೆತ್ತೋದು ಮಾತ್ರ ನಿಲ್ಲಿಸಲಿ.

ನಾನು ಜನ ಈ ಬೆಟ್ಟಗಳಿಗೆ ಬರಬಾರದು ಅಂತ ಹೇಳ್ತಿಲ್ಲ, ಬರಲೇಬೇಕು. ಮಧುಗಿರಿ ಕೋಟೆಯಲ್ಲಿ ಹಳಬರು ನಡುಬಂಡೆಯಲ್ಲಿ ಕೊರೆದ ಮೆಟ್ಟಿಲಲ್ಲಿ ಕಾಲಿಟ್ಟು ಹತ್ತುವಾಗ ಆಗೋ ಖುಷಿ, ಶಿವಗಂಗೆ ತುದಿಯ ನಂದಿ ಹತ್ರ ನಿಂತಾಗ ಬೀಸೋ ಗಾಳಿ, ಅಂತರಗಂಗೆಯ ಗುಂಡುಗಳ ಸಂದಿಯಲ್ಲಿ ಮೈ ತೂರಿಸಿ ಗವಿ ದಾಟೋದು, ಇದೆಲ್ಲಾ ನಮ್ಮ ಮಕ್ಕಳಿಗೂ ಸಿಗಬೇಕು. ಹಗ್ಗ ಹಿಡಿದು ಸರಿಯಾಗಿ ಬಂಡೆ ಹತ್ತೋದು ಕಲೀಬೇಕು ಅನ್ನೋರಿಗೆ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯ ತರಬೇತಿ ಇದೆ, ಅದನ್ನೂ ನೀವು ಬರೆದ್ರೆ ಎಷ್ಟೋ ಹುಡುಗ ಹುಡುಗಿಯರಿಗೆ ಉಪಕಾರ ಆಗುತ್ತೆ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಜೂನ್ ಪಟ್ಟಿಯಲ್ಲಿ ಮಲೆನಾಡಿನ ದಾರಿಗಳು ಮಾತ್ರ ಇರಲಿ, ಅದಕ್ಕೆ ಬೇಕಾದ ಎಚ್ಚರಿಕೆ ಮಾತುಗಳ ಜೊತೆ. ಗ್ರಾನೈಟ್ ಬೆಟ್ಟಗಳಿಗೆ ನವೆಂಬರ್ ಕೊನೆಯಲ್ಲಿ ಬೇರೆ ಪಟ್ಟಿ ಮಾಡಿ, ಫೆಬ್ರವರಿವರೆಗೆ ಅನ್ವಯ ಅಂತ ಹಾಕಿ, ಇಬ್ಬನಿ ಆರಿದ ಮೇಲೆ ಹತ್ತಿ ಬಿಸಿಲು ಏರೋದ್ರೊಳಗೆ ಇಳೀರಿ ಅಂತ ಹೊತ್ತನ್ನೂ ಬರೀರಿ. ಈ ವರ್ಷದ ಜೂನ್ ಪಟ್ಟಿ ಆಗಲೇ ಅಚ್ಚಿಗೆ ಹೋಗಿದ್ರೆ ಅದರ ಕೆಳಗೆ ಬಂಡೆ ಬೆಟ್ಟಗಳ ಹೆಸರು ಹಾಕಿ "ಇವು ಈಗ ಬೇಡ" ಅಂತ ಎರಡು ಸಾಲು ಸೇರಿಸೋಕಾಗುತ್ತಾ ನೋಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ